ಹೊಸ ಬ್ಲೇಡ್ ಕೈಗೆ ಒಗ್ಗುತ್ತಿಲ್ಲ: ದೋಷ ಮರದ್ದೋ, ರಬ್ಬರಿನದೋ?

ಪ್ರಶ್ನೆ: ನನಗೆ 43 ವರ್ಷ. ಮಂಗಳೂರಿನಲ್ಲಿ ವಾರಕ್ಕೆ ನಾಲ್ಕು ಸಂಜೆ ಟೇಬಲ್ ಟೆನಿಸ್ ಆಡುತ್ತೇನೆ; ವೆಟರನ್ಸ್ ವಿಭಾಗದ ಟೂರ್ನಿಗಳಿಗೂ ಹೋಗುತ್ತಿರುತ್ತೇನೆ. ಇಷ್ಟು ವರ್ಷ ಐದು ಪದರದ, ಪೂರ್ತಿ ಮರದ ಬ್ಲೇಡಿಗೆ (ರಬ್ಬರ್ ಅಂಟಿಸುವ ಮುಂಚಿನ ಬ್ಯಾಟಿನ ಹಲಗೆಗೆ) 1.8 ಮಿ.ಮೀ. ಸ್ಪಂಜಿನ ಹಳೆಯ ಮಾದರಿಯ ರಬ್ಬರ್ ಹಾಕಿಕೊಂಡು ಆಡುತ್ತಿದ್ದೆ. ಜೂನ್ ತಿಂಗಳಲ್ಲಿ, ಮೇಲ್ಪದರದ ಕೆಳಗೇ ಆರಿಲೇಟ್-ಕಾರ್ಬನ್ ಎಂಬ ಕೃತಕ ಎಳೆಗಳ ಹಾಳೆ ಇರುವ ಬ್ಲೇಡ್ ಕೊಂಡು, ಎರಡೂ ಬದಿಗೆ 2.1 ಮಿ.ಮೀ. ಸ್ಪಂಜಿನ, ಹೆಚ್ಚು ಚಿಮ್ಮುವ ಟೆನ್ಸರ್ ರಬ್ಬರ್ ಅಂಟಿಸಿಕೊಂಡೆ. ಅಡುಗೆಮನೆಯ ತಕ್ಕಡಿಯಲ್ಲಿ ಹಳೆಯ ಬ್ಯಾಟ್ 172 ಗ್ರಾಂ, ಹೊಸದು 189 ಗ್ರಾಂ ತೂಗಿತು. ಬ್ಲಾಕ್ ಮಾಡಿದರೆ, ಅಂದರೆ ಜೋರಾಗಿ ಬಂದ ಚೆಂಡಿಗೆ ಬ್ಯಾಟನ್ನು ಅಡ್ಡ ಹಿಡಿದರೆ, ಚೆಂಡು ಗೆರೆ ಎಳೆದಂತೆ ಹೋಗುತ್ತದೆ. ಆದರೆ ಚಿಕ್ಕ ಸರ್ವಿಗೆ ಪುಶ್ ಮಾಡಿದರೆ (ಚೆಂಡಿನ ಅಡಿಗೆ ಮೆಲ್ಲನೆ ತಾಗಿಸಿ ತಳ್ಳಿದರೆ) ಮೇಲೆದ್ದು ಎದುರಾಳಿಯ ಕೈಗೇ ಸಿಗುತ್ತದೆ. ಮುಂದಕ್ಕೆ ಸುತ್ತು ಕೊಟ್ಟು ಹೊಡೆಯುವ ಟಾಪ್‌ಸ್ಪಿನ್ ಒಮ್ಮೆ ನೆಟ್ಟಿಗೆ ಬಿದ್ದರೆ ಮತ್ತೊಮ್ಮೆ ಟೇಬಲ್ ದಾಟುತ್ತದೆ. ಚೆಂಡು ಬಡಿದದ್ದೇ ಕೈಗೆ ತಿಳಿಯದು, ಬ್ಯಾಟಿಗೆ ಜೋಮು ಹಿಡಿದಂತಿದೆ. ‘ಒಂದು ತಿಂಗಳು ಆಡಿ, ಬ್ಲೇಡ್ ತೆರೆದುಕೊಳ್ಳುತ್ತದೆ’ ಎಂದು ಒಬ್ಬರು, ತಟ್ಟಿ ನೋಡಿ ‘ಶಬ್ದ ಕೀರಲು, ಇದು ನಿಮಗೆ ಅತಿವೇಗದ ಬ್ಲೇಡ್’ ಎಂದು ಇನ್ನೊಬ್ಬರು, ‘ಹಗುರವಾದದ್ದನ್ನು ಆರಿಸಬೇಕಿತ್ತು’ ಎಂದು ಮತ್ತೊಬ್ಬರು ಹೇಳುತ್ತಾರೆ. ಆರು ವಾರದಲ್ಲಿ ಟೂರ್ನಿ ಇದೆ, ಮುಂಗೈಯೂ ಸ್ವಲ್ಪ ನೋಯುತ್ತಿದೆ. ಇಟ್ಟುಕೊಳ್ಳಲೇ, ಮಾರಲೇ? ಹೊಸ ಬ್ಲೇಡನ್ನು ಸರಿಯಾಗಿ ಪರೀಕ್ಷಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಸೇರಿಕೊಂಡಿವೆ. ಬ್ಲೇಡಿನಲ್ಲೇ ಏನೋ ಕೊರತೆ ಇರಬಹುದೇ, ಕಾಯ್ದರೆ ಅದು ತಾನಾಗಿ ಸರಿಹೋದೀತೇ, ಸರಿಹೋಗದಿದ್ದರೆ ದುಡ್ಡು ನೀರಿಗೆ ಹಾಕಿದಂತಾಯಿತೇ ಎಂಬುವು ಆ ಮೂರು. ಇವಕ್ಕೆಲ್ಲ ಮುಂಚೆ ಒಂದು ಮಾತನ್ನು ಹೇಳಬೇಕಾಗಿದೆ: ನೀವು ಇನ್ನೂ ಆ ಬ್ಲೇಡನ್ನು ಪರೀಕ್ಷಿಸಿಯೇ ಇಲ್ಲ. ಒಂದೇ ಸಲಕ್ಕೆ ನೀವು ಬ್ಲೇಡನ್ನು ಬದಲಿಸಿದ್ದೀರಿ, ರಬ್ಬರಿನ ಜಾತಿಯನ್ನು ಬದಲಿಸಿದ್ದೀರಿ, ಸ್ಪಂಜಿನ ದಪ್ಪವನ್ನು ಹೆಚ್ಚಿಸಿದ್ದೀರಿ, ಬ್ಯಾಟಿನ ತೂಕಕ್ಕೆ 17 ಗ್ರಾಂ ಸೇರಿಸಿದ್ದೀರಿ. ಸಾಲದ್ದಕ್ಕೆ ಇದೆಲ್ಲವನ್ನೂ ಕರಾವಳಿಯ ಮಳೆಗಾಲ ಕಾಲಿಡುವ ತಿಂಗಳಲ್ಲಿ ಮಾಡಿದ್ದೀರಿ. ಈ ಐದರಲ್ಲಿ ಯಾವುದು ಚೆಂಡನ್ನು ಮೇಲೆಬ್ಬಿಸುತ್ತಿದೆ, ಯಾವುದು ನೆಟ್ಟಿಗೆ ಹಾಕುತ್ತಿದೆ ಎಂಬುದನ್ನು ನೀವಾಗಲಿ, ನಿಮ್ಮ ಬ್ಯಾಟನ್ನು ತಟ್ಟಿ ನೋಡಿದ ಗೆಳೆಯರಾಗಲಿ, ಪತ್ರ ಓದಿದ ನಾನಾಗಲಿ ಹೇಳಲು ಬರುವುದಿಲ್ಲ. ಬ್ಯಾಟು ಬದಲಿಸಿ ತರಬೇತಿಗೆ ಬರುವ ಹೆಚ್ಚಿನ ಆಟಗಾರರ ಸ್ಥಿತಿ ಇದೇ ಆಗಿರುತ್ತದೆ, ಮತ್ತು ಬೈಸಿಕೊಳ್ಳುವುದು ಹೆಚ್ಚಾಗಿ ಬ್ಲೇಡು. ಏಕೆಂದರೆ ಅದಕ್ಕೇ ಹೆಚ್ಚು ಹಣ ಕೊಟ್ಟಿರುತ್ತಾರೆ.

‘ಜೋಮು ಹಿಡಿದಂತೆ’ ಎಂದು ನೀವು ಬರೆದಿರುವುದನ್ನು ಮೊದಲು ನೋಡೋಣ. ಅದು ದೋಷವಲ್ಲ, ಆ ಬ್ಲೇಡನ್ನು ಹಾಗೆಂದೇ ಕಟ್ಟಲಾಗಿದೆ. ನೀವು ವಿವರಿಸಿರುವ ರಚನೆಯ ಹೆಸರಾಂತ ಉದಾಹರಣೆ ಬಟರ್‌ಫ್ಲೈ ಕಂಪನಿ 1993ರಲ್ಲಿ ತಂದ ವಿಸ್ಕಾರಿಯಾ. ಅದರಲ್ಲಿ ಮೇಲ್ಪದರಕ್ಕೆ ಕೋಟೋ ಎಂಬ ಗಟ್ಟಿ ಮರ, ಅದರ ಕೆಳಗೆ ಆರಿಲೇಟ್ ಮತ್ತು ಕಾರ್ಬನ್ ಎಳೆಗಳನ್ನು ಸೇರಿಸಿ ನೇಯ್ದ ತೆಳು ಹಾಳೆ, ಅನಂತರ ಲಿಂಬಾ ಮರದ ಪದರ, ನಟ್ಟನಡುವೆ ಹಗುರವಾದ ಕಿರಿ ಮರ ಇರುತ್ತವೆ. ಕಾರ್ಬನ್ ಬ್ಲೇಡಿಗೆ ಬಿಗಿತವನ್ನು ಕೊಡುತ್ತದೆ, ಆರಿಲೇಟ್ ಕಂಪನವನ್ನು ಹೀರಿಕೊಳ್ಳುತ್ತದೆ. ಐದು ಪದರದ ಮರದ ಬ್ಲೇಡಿನಲ್ಲಿ ಚೆಂಡು ಬಡಿದಾಗಲೆಲ್ಲ ಹಿಡಿಕೆಯವರೆಗೂ ಹರಿದುಬರುತ್ತಿದ್ದ ಸಣ್ಣ ನಡುಕಕ್ಕೆ ನಿಮ್ಮ ಕೈ ವರ್ಷಗಳಿಂದ ಒಗ್ಗಿಕೊಂಡಿತ್ತು. ಈಗ ಅದು ಅರ್ಧದಾರಿಯಲ್ಲೇ ಅಡಗಿಹೋಗುತ್ತಿದೆ. ‘ಕಾರ್ಬನ್ ಬ್ಯಾಟು’ ಎಂಬ ಮಾತು ಕೇಳಿ ಅದು ಮರವೇ ಅಲ್ಲವೇನೋ ಎಂದು ಭಾವಿಸುವವರಿದ್ದಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಬ್ಲೇಡಿನ ದಪ್ಪದಲ್ಲಿ ಕನಿಷ್ಠ 85 ಶೇಕಡಾ ನೈಸರ್ಗಿಕ ಮರವೇ ಆಗಿರಬೇಕು, ಎಳೆಗಳ ಒಂದು ಪದರ ಒಟ್ಟು ದಪ್ಪದ 7.5 ಶೇಕಡಾ ಅಥವಾ 0.35 ಮಿ.ಮೀ., ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಆರು ಮಿಲಿಮೀಟರ್ ದಪ್ಪದ ಬ್ಲೇಡಿನಲ್ಲಿ ಇಷ್ಟು ತೆಳುವಾದ ಹಾಳೆ ಇಷ್ಟೊಂದು ವ್ಯತ್ಯಾಸ ಮಾಡುವುದು ಅದು ಕುಳಿತಿರುವ ಜಾಗದಿಂದ. ಬಾಗುವ ಯಾವುದೇ ಹಲಗೆಯಲ್ಲಿ ನಡುವಿಗಿಂತ ಹೊರಮೈಗಳ ಹತ್ತಿರವೇ ಎಳೆತ ಮತ್ತು ಒತ್ತಡ ಹೆಚ್ಚಿರುವುದರಿಂದ, ಮೇಲ್ಪದರದ ಕೆಳಗೇ ಇರುವ ಕಾರ್ಬನ್ ಹಲಗೆಯನ್ನು ಬಾಗಗೊಡುವುದಿಲ್ಲ. ಅದೇ ಹಾಳೆಯನ್ನು ನಡುಮರಕ್ಕೆ ಅಂಟಿಕೊಂಡಂತೆ ಒಳಗಿಟ್ಟರೆ ಬ್ಲೇಡ್ ಎಷ್ಟೋ ಮೆದುವಾಗಿ ವರ್ತಿಸುತ್ತದೆ.

ಅನುಭವದ ಬಗ್ಗೆ ಇನ್ನೂ ಒಂದು ಸಂಗತಿಯಿದೆ. ಚೆಂಡು ರಬ್ಬರಿಗೆ ತಗುಲಿ ಬಿಟ್ಟುಹೋಗುವುದಕ್ಕೆ ಹಿಡಿಯುವ ಕಾಲ ಸುಮಾರು ಸೆಕೆಂಡಿನ ಸಾವಿರದ ಒಂದು ಭಾಗ. ಕೈಯ ಸಂವೇದನೆ ಮಿದುಳಿಗೆ ಮುಟ್ಟುವುದಕ್ಕೆ ಅದರ ಹತ್ತಾರು ಪಟ್ಟು ಸಮಯ ಬೇಕು. ಅಂದರೆ ‘ಚೆಂಡು ಬ್ಯಾಟಿನಲ್ಲಿ ಕೂತಂತಾಯಿತು’ ಎಂದು ನಿಮಗೆ ಅನಿಸುವ ಹೊತ್ತಿಗೆ ಚೆಂಡು ಹೊರಟಾಗಿದೆ. ಕೈಗೆ ಬರುವುದು ಮುಗಿದುಹೋದ ಹೊಡೆತದ ವರದಿ ಮಾತ್ರ. ಹಾಗೆಂದು ಅನುಭವಕ್ಕೆ ಬೆಲೆಯಿಲ್ಲ ಎಂದು ಅರ್ಥವಲ್ಲ. ಮುಂದಿನ ಹೊಡೆತವನ್ನು ಕೈ ಕಲಿಯುವುದು ಈ ವರದಿಯಿಂದಲೇ, ಅದು ಸ್ಪಷ್ಟವಾಗಿದ್ದಷ್ಟೂ ಕಲಿಕೆ ಸಲೀಸು. ಆದರೆ ಕೈಗೆ ಹಿತವಾಗಿರುವುದಕ್ಕೂ ಚೆಂಡು ಸರಿಯಾದ ಕಡೆ ಬೀಳುವುದಕ್ಕೂ ನೇರ ಸಂಬಂಧವಿಲ್ಲ. ಸುಖವಾಗಿ ಅನಿಸುವ ಬ್ಲೇಡಿನಲ್ಲಿ ಸೋಲುವವರೂ, ಏನೂ ಅನಿಸದ ಬ್ಲೇಡಿನಲ್ಲಿ ಗೆಲ್ಲುವವರೂ ಎಲ್ಲ ಹಾಲ್‌ಗಳಲ್ಲೂ ಇದ್ದಾರೆ. ಆದ್ದರಿಂದ ಪರೀಕ್ಷೆಯಲ್ಲಿ ಕೈ ಹೇಳುವುದನ್ನೂ ಚೆಂಡು ಬಿದ್ದ ಜಾಗವನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಬೇಕು.

ಬ್ಲಾಕ್ ಚೆನ್ನಾಗಿ ಬೀಳುತ್ತಿದೆ, ಪುಶ್ ಮೇಲೇಳುತ್ತಿದೆ ಎಂಬುದು ನಿಮಗೆ ವಿರೋಧಾಭಾಸದಂತೆ ಕಂಡಿದೆ. ಎರಡಕ್ಕೂ ಕಾರಣ ಒಂದೇ. ಬಾಗದ ಬ್ಲೇಡು ಬಂದ ಚೆಂಡಿನ ವೇಗವನ್ನು ತಾನು ನುಂಗಿಕೊಳ್ಳದೆ ಹಿಂದಿರುಗಿಸುತ್ತದೆ, ಮತ್ತು ಚೆಂಡು ನಡುಭಾಗದಿಂದ ಸ್ವಲ್ಪ ಆಚೀಚೆ ತಗುಲಿದರೂ ಹೆಚ್ಚು ಕಡಿಮೆ ಅಷ್ಟೇ ಹಿಂದಿರುಗಿಸುತ್ತದೆ. ಬ್ಲಾಕಿಗೆ ಬೇಕಾದದ್ದು ಅದೇ. ಚಿಕ್ಕ ಸರ್ವನ್ನು ಚಿಕ್ಕದಾಗಿಯೇ ವಾಪಸು ಕೊಡುವಾಗ ಬೇಕಾದದ್ದು ಇದರ ತದ್ವಿರುದ್ಧ. ಅಲ್ಲಿ ನೀವು ಚೆಂಡಿಗೆ ಏನನ್ನೂ ಕೊಡಲು ಬಯಸುವುದಿಲ್ಲ, ಬ್ಯಾಟು ತಾನಾಗಿ ಕೊಡುವುದೆಲ್ಲ ಹೆಚ್ಚುವರಿಯೇ. ಇಲ್ಲಿ ಮಾತ್ರ ನಾನು ಬ್ಲೇಡಿಗಿಂತ ರಬ್ಬರನ್ನೇ ಹೆಚ್ಚು ಅನುಮಾನಿಸುತ್ತೇನೆ. ಮೆಲ್ಲನೆ ತಗುಲುವ ಚೆಂಡು ಮರವನ್ನು ಬಾಗಿಸುವಷ್ಟು ಬಲವಾಗಿರುವುದಿಲ್ಲ. ಅದು ಹೆಚ್ಚಾಗಿ ರಬ್ಬರು ಮತ್ತು ಸ್ಪಂಜಿನೊಡನೆಯೇ ವ್ಯವಹಾರ ಮುಗಿಸಿಕೊಂಡು ಹೊರಡುತ್ತದೆ, ಮರದ ಪಾಲು ಹೊಡೆತ ಜೋರಾದಂತೆಲ್ಲ ಹೆಚ್ಚುತ್ತದೆ. ಟೆನ್ಸರ್ ರಬ್ಬರುಗಳ ಸ್ವಭಾವವೇ ಕವಣೆಯಂತೆ ಎಸೆಯುವುದು. 2008ರ ಸೆಪ್ಟೆಂಬರಿನಲ್ಲಿ ಆವಿಯಾಗುವ ದ್ರಾವಕಗಳಿದ್ದ ಸ್ಪೀಡ್ ಗ್ಲೂ ನಿಷೇಧವಾದ ಮೇಲೆ, ಆಟಗಾರರು ಹಿಂದೆ ಅಂಟಿನಿಂದ ಪಡೆಯುತ್ತಿದ್ದ ಚಿಮ್ಮುವಿಕೆಯನ್ನು ಕಾರ್ಖಾನೆಯಲ್ಲೇ ಸ್ಪಂಜಿನೊಳಗೆ ಕೂಡಿಸಿಟ್ಟ ಇಂಥ ರಬ್ಬರುಗಳು ಎಲ್ಲೆಡೆ ಹರಡಿದವು. 1.8 ಮಿ.ಮೀ.ನ ಹಳೆಯ ಮಾದರಿಯಿಂದ 2.1 ಮಿ.ಮೀ.ನ ಟೆನ್ಸರಿಗೆ ಜಿಗಿದವರು ಹಳೆಯ ಬ್ಲೇಡನ್ನೇ ಇಟ್ಟುಕೊಂಡಿದ್ದರೂ ಅವರ ಪುಶ್ ಮೇಲೇಳುತ್ತಿತ್ತು.

ಇನ್ನು ಮಂಗಳೂರಿನ ಜೂನ್ ತಿಂಗಳು. ಮಳೆ ಹಿಡಿದ ಸಂಜೆ, ಕಿಟಕಿ ತೆರೆದ ಹಾಲ್‌ನಲ್ಲಿ, ರಬ್ಬರಿನ ಮೇಲೂ ಚೆಂಡಿನ ಮೇಲೂ ಕಣ್ಣಿಗೆ ಕಾಣದ ತೇವದ ಪೊರೆಯೊಂದು ಕೂರುತ್ತದೆ. ಅಂಥ ರಬ್ಬರಿನಲ್ಲಿ ಟಾಪ್‌ಸ್ಪಿನ್ ಎಳೆದರೆ ಚೆಂಡು ಹಿಡಿತಕ್ಕೆ ಸಿಗದೆ ಜಾರಿ ನೆಟ್ಟಿಗೆ ಬೀಳುತ್ತದೆ; ಒರೆಸಿಕೊಂಡ ಮೇಲಿನ ಮೊದಲ ಹೊಡೆತ ಸರಿಯಾಗಿ ಹಿಡಿದು, ಬ್ಯಾಟಿನ ಮುಖವನ್ನು ನೀವು ಆಗಲೇ ಮೇಲಕ್ಕೆ ತಿರುಗಿಸಿಕೊಂಡಿರುವ ಕಾರಣ, ಟೇಬಲ್ ದಾಟುತ್ತದೆ. ‘ಒಮ್ಮೆ ನೆಟ್ಟಿಗೆ, ಮತ್ತೊಮ್ಮೆ ಹೊರಗೆ’ ಎಂಬ ನಿಮ್ಮ ದೂರಿನ ಒಂದು ಪಾಲು ಇದೇ ಇದ್ದೀತು. ಪರೀಕ್ಷಿಸುವುದು ಸುಲಭ: ಒಣ ಬಟ್ಟೆಯಿಂದ ರಬ್ಬರನ್ನೂ ಚೆಂಡನ್ನೂ ಒರೆಸಿ, ಚೆಂಡನ್ನು ರಬ್ಬರಿನ ಮೇಲೆ ಒತ್ತಿ ಪಕ್ಕಕ್ಕೆ ಎಳೆಯಿರಿ; ಹತ್ತು ನಿಮಿಷ ಆಡಿದ ಮೇಲೆ ಒರೆಸದೆ ಮತ್ತೆ ಹಾಗೇ ಮಾಡಿ. ಎರಡನೆಯ ಸಲ ಚೆಂಡು ನುಣ್ಣಗೆ ಜಾರಿದರೆ, ಆ ಸಂಜೆ ಬ್ಲೇಡಿನ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ.

ಈಗ ಗೆಳೆಯರ ಮಾತುಗಳಿಗೆ ಬರೋಣ. ಬ್ಲೇಡ್ ‘ತೆರೆದುಕೊಳ್ಳುತ್ತದೆ’, ಅಂದರೆ ಆಡಿದಂತೆಲ್ಲ ಮೆದುವಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಅದರಲ್ಲಿ ಸತ್ಯದ ಅಂಶ ಸ್ವಲ್ಪವೇ. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಬೆವರಿನಿಂದ ಹಿಡಿಕೆಯ ಭಾಗ ತೇವಗೊಳ್ಳುತ್ತದೆ. ಆದ್ದರಿಂದ ತೂಕದಲ್ಲಿ, ಕಂಪನದಲ್ಲಿ ಅಲ್ಪ ಬದಲಾವಣೆ ಆಗುವುದು ನಿಜ. ಹೊಸ ರಬ್ಬರು ಕೆಲವು ಸಂಜೆಗಳಲ್ಲಿ ಮೆತ್ತಗಾಗುವುದೂ ನಿಜ, ಮತ್ತು ಅದರ ಶ್ರೇಯಸ್ಸು ಬ್ಲೇಡಿಗೆ ಹೋಗುತ್ತದೆ. ಆದರೆ ಅಂಟಿನಿಂದ ಬಿಗಿದ ಕಾರ್ಬನ್ ಹಾಳೆ ನಿಮ್ಮ ಒಂದು ತಿಂಗಳ ಆಟಕ್ಕೆ ಮೆದುವಾಗಿಬಿಡುವುದಿಲ್ಲ. ಆ ತಿಂಗಳಲ್ಲಿ ನಿಜವಾಗಿ ಬದಲಾಗುವುದು ಆಟಗಾರನ ಕೈ. ಕಾಯುವುದು ತಪ್ಪಲ್ಲ, ಮರ ಬದಲಾದೀತೆಂದು ಕಾಯುವುದು ವ್ಯರ್ಥ.

ತಟ್ಟಿ ನೋಡುವ ಪರೀಕ್ಷೆಗೆ ಇದಕ್ಕಿಂತ ಹೆಚ್ಚು ಆಧಾರವಿದೆ. ರಬ್ಬರಿಲ್ಲದ ಬ್ಲೇಡನ್ನು ಹಿಡಿಕೆಯ ಬುಡದಲ್ಲಿ ಸಡಿಲವಾಗಿ ಹಿಡಿದು ನಡುವೆ ಬೆರಳಿನಿಂದ ತಟ್ಟಿದರೆ, ಬಿಗಿಯಾದದ್ದು ಕೀರಲಾಗಿಯೂ ಮೆದುವಾದದ್ದು ಮಂದವಾಗಿಯೂ ಧ್ವನಿಸುತ್ತದೆ. ಆದರೆ ಶ್ರುತಿ ಬಿಗಿತವೊಂದನ್ನೇ ಅವಲಂಬಿಸಿಲ್ಲ, ತೂಕವನ್ನೂ ಅವಲಂಬಿಸಿದೆ. ಒಂದೇ ಮಾದರಿಯ ಎರಡು ಬ್ಲೇಡುಗಳಲ್ಲಿ ಹಗುರವಾದದ್ದು, ಅಷ್ಟೇ ಬಿಗಿಯಾಗಿದ್ದರೂ, ಸ್ವಲ್ಪ ಮೇಲಿನ ಸ್ವರ ಕೊಡುತ್ತದೆ. ತಲೆಭಾಗ ಕಿರಿದಾಗಿದ್ದರೂ ಹಾಗೇ. ಆದ್ದರಿಂದ ಅಂಗಡಿಯಲ್ಲಿ ಒಂದೇ ಮಾದರಿಯ, ತೂಕ ಸಮವಾಗಿರುವ ಎರಡರ ನಡುವೆ ಆರಿಸುವುದಕ್ಕೆ ಈ ಪರೀಕ್ಷೆ ಚೆನ್ನಾಗಿ ಒದಗುತ್ತದೆ. ರಬ್ಬರ್ ಅಂಟಿಸಿದ ಬ್ಯಾಟನ್ನು ತಟ್ಟಿ, ಅದು ನಿಮಗೆ ಅತಿವೇಗದ್ದೆಂದು ಹೇಳುವುದು ನಾಡಿ ಹಿಡಿದು ಜಾತಕ ಹೇಳಿದಂತೆ. ಪೆಟ್ಟಿಗೆಯ ಮೇಲೆ ವೇಗ, ನಿಯಂತ್ರಣ ಎಂದು ಅಚ್ಚಾಗಿರುವ ಅಂಕಿಗಳನ್ನೂ ಬಿಟ್ಟುಬಿಡಿ. ಅವನ್ನು ಅಳೆಯುವುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಒಂದೇ ಮಾನದಂಡವಿಲ್ಲ, ಒಂದು ಕಂಪನಿಯ 90 ಇನ್ನೊಂದರ 90 ಅಲ್ಲ.

ತೂಕದ ಮಾತು ಹೇಳಿದ ಗೆಳೆಯರು ಅರ್ಧ ಸರಿ. ಕೈಗೆ ಭಾರವಾಗುವುದು ತಕ್ಕಡಿ ತೋರಿಸುವ ಒಟ್ಟು ತೂಕಕ್ಕಿಂತ ಹೆಚ್ಚಾಗಿ, ಹಿಡಿಕೆಯಿಂದ ದೂರದಲ್ಲಿರುವ ತೂಕ. ನಿಮ್ಮ 17 ಗ್ರಾಂ ಹೆಚ್ಚಳದಲ್ಲಿ ಬಹುಪಾಲು ದಪ್ಪ ಸ್ಪಂಜಿನ ಎರಡು ರಬ್ಬರುಗಳಿಂದ ಬಂದಿರುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಇಂಥ ಬ್ಲೇಡುಗಳು ಸಾಮಾನ್ಯವಾಗಿ 85ರಿಂದ 90 ಗ್ರಾಮಿನ ಆಸುಪಾಸಿನಲ್ಲೇ ಇರುತ್ತವೆ, ನಿಮ್ಮ ಹಳೆಯದೂ ಅದಕ್ಕಿಂತ ಬಹಳ ಕಡಿಮೆ ಇದ್ದಿರಲಾರದು. ಆ ರಬ್ಬರಿನ ತೂಕವೆಲ್ಲ ಬ್ಯಾಟಿನ ತಲೆಯಲ್ಲೇ ಕೂತಿದೆ. ಅತಿ ಹಗುರವಾದ ಬ್ಲೇಡಿಗೂ ತನ್ನದೇ ತೊಂದರೆಯಿದೆ: ಜೋರಾಗಿ ಬರುವ ಚೆಂಡಿನೆದುರು ಬ್ಯಾಟು ಹಿಂದಕ್ಕೆ ಸರಿಯುತ್ತದೆ, ಈಗ ನಿಮಗೆ ಇಷ್ಟವಾಗಿರುವ ಬ್ಲಾಕ್ ಅಲ್ಲಿ ಸಿಗದು.

ಹಾಗಾದರೆ ಪರೀಕ್ಷೆ ಹೇಗೆ? ಮೊದಲ ಕೆಲಸ ಹೊಸ ಬ್ಲೇಡಿನ ಟೆನ್ಸರ್ ರಬ್ಬರುಗಳನ್ನು ಬಿಡಿಸಿ, ಹಳೆಯ ಬ್ಯಾಟಿನ ರಬ್ಬರುಗಳನ್ನು ಅದಕ್ಕೆ ಅಂಟಿಸುವುದು. ಬಿಡಿಸುವಾಗ ಹಿಡಿಕೆಯ ಪಕ್ಕದ ಒಂದು ಮೂಲೆಯಿಂದ ಮೆಲ್ಲನೆ ಎತ್ತಿ, ರಬ್ಬರನ್ನು ಮರದ ಮೇಲೆಯೇ ಸುರುಳಿ ಸುತ್ತುವಂತೆ ಚಪ್ಪಟೆಯಾಗಿ ಮಡಚಿಕೊಂಡು ಹೋಗಿ. ಮೇಲಕ್ಕೆ ಜಗ್ಗಬೇಡಿ, ಮರದ ನಾರಿಗೆ ಅಡ್ಡಲಾಗಿ ಎಳೆಯಬೇಡಿ. ಕೋಟೋ ಮೇಲ್ಪದರ ಸಾಮಾನ್ಯವಾಗಿ ಇದನ್ನು ತಡೆದುಕೊಳ್ಳುತ್ತದೆ. ನಿಮ್ಮ ಹಳೆಯ ಬ್ಲೇಡಿನ ಮೇಲ್ಪದರ ಲಿಂಬಾ ಆಗಿದ್ದರೆ ಅದರ ಬಗ್ಗೆ ಎಚ್ಚರವಿರಲಿ. ರಬ್ಬರಿನ ಜೊತೆಯಲ್ಲೇ ಉದ್ದುದ್ದ ಸಿಬಿರು ಎದ್ದುಬರುವುದು ಲಿಂಬಾದಲ್ಲಿ ಸಾಮಾನ್ಯ. ಸಿಬಿರು ಏಳುತ್ತಿರುವುದು ಕಂಡರೆ ನಿಲ್ಲಿಸಿ, ಎದುರು ಬದಿಯಿಂದ ಶುರುಮಾಡಿ. ಹೊಸದಾಗಿ ಅಂಟಿಸುವಾಗ ನೀರಿನ ಅಂಟನ್ನು ರಬ್ಬರಿಗೂ ಮರಕ್ಕೂ ತೆಳ್ಳಗೆ ಹಚ್ಚಿ, ಹಾಲಿನಂಥ ಬಿಳುಪು ಪೂರ್ತಿ ಹೋಗಿ ಪಾರದರ್ಶಕವಾಗುವ ತನಕ ಕಾಯಿರಿ. ಮಳೆಗಾಲದಲ್ಲಿ ಇದಕ್ಕೆ ಬೇಸಿಗೆಗಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಫ್ಯಾನಿನ ಕೆಳಗಿಡಿ, ಬಿಸಿಗಾಳಿ ಬಿಡಬೇಡಿ. ಹಳೆಯ ರಬ್ಬರು ಹೊಸ ಬ್ಲೇಡಿನ ಅಂಚಿಗಿಂತ ಒಂದೆರಡು ಮಿಲಿಮೀಟರ್ ಚಿಕ್ಕದಿದ್ದರೂ ಅಭ್ಯಾಸಕ್ಕೆ ತೊಂದರೆಯಿಲ್ಲ, ಆದರೆ ಅಂಚು ಮುಟ್ಟಿಸಲೆಂದು ಎಳೆದು ಹಿಗ್ಗಿಸಿ ಅಂಟಿಸಿದರೆ ಆ ಕ್ಷಣಕ್ಕೇ ನೀವು ರಬ್ಬರನ್ನು ಬದಲಿಸಿದಂತಾಯಿತು.

ರಬ್ಬರಿಲ್ಲದ ಬ್ಲೇಡು ಕೈಯಲ್ಲಿರುವಾಗಲೇ ಎರಡು ನಿಮಿಷ ಅದನ್ನು ನೋಡಿ. ಗಾಜಿನ ಮೇಲಿಟ್ಟು ತಲೆಭಾಗ ತಿರುಚಿಕೊಂಡಿದೆಯೇ, ಅಂಚಿನಲ್ಲಿ ಪದರಗಳ ನಡುವೆ ಉಗುರು ಹೋಗುವಂಥ ಬಿರುಕಿದೆಯೇ, ಹಿಡಿಕೆಯ ಎರಡು ಹೋಳುಗಳು ತಲೆಗೆ ಸೇರುವಲ್ಲಿ ಸಂದಿಯಿದೆಯೇ ಎಂದು ಪರಿಶೀಲಿಸಿ. ಆಟದ ಹಿಡಿತದಲ್ಲಿ ಹಿಡಿದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮಕ್ಕೆ ಚೂಪು ಅಂಚು ಒತ್ತುತ್ತದೆಯೇ ನೋಡಿ. ಒತ್ತುತ್ತಿದ್ದರೆ ನೀವು ಅರಿವಿಲ್ಲದೆ ಹಿಡಿತವನ್ನು ಅರ್ಧ ಬೆರಳಿನಷ್ಟು ಕೆಳಗೆ ಜಾರಿಸಿಕೊಂಡಿರುತ್ತೀರಿ, ಬ್ಯಾಟಿನ ಕೋನವೇ ಬದಲಾಗಿರುತ್ತದೆ, ಮತ್ತು ದೂರು ಕಾರ್ಬನ್ನಿನ ಮೇಲೆ ಬರುತ್ತದೆ. ಸಣ್ಣ ಮರಳುಕಾಗದದಿಂದ ಆ ಎರಡು ಮೂಲೆಗಳನ್ನು ದುಂಡಗೆ ಉಜ್ಜಿಕೊಳ್ಳಬಹುದು. ಬ್ಲೇಡನ್ನು ಮಾರುವ ಯೋಚನೆಯಿದ್ದರೆ ಉಜ್ಜಬೇಡಿ, ಬೆಲೆ ಇಳಿಯುತ್ತದೆ.

ಟೇಬಲಿಗೆ ಹೋದ ಮೇಲೆ ಎಲ್ಲರೂ ಮಾಡುವುದು ಒಂದೇ: ಫೋರ್‌ಹ್ಯಾಂಡಿನಿಂದ ಫೋರ್‌ಹ್ಯಾಂಡಿಗೆ ಹೊಡೆದು ನೋಡಿ, ಆಮೇಲೆ ಜೋರಾಗಿ ಬಾರಿಸಿ ನೋಡಿ ‘ಭಾರೀ ಬ್ಲೇಡು’ ಎನ್ನುವುದು. ಆ ಹೊಡೆತಗಳಲ್ಲಿ ಯಾವ ಬ್ಲೇಡೂ ಚೆನ್ನಾಗಿಯೇ ಅನಿಸುತ್ತದೆ. ನಮ್ಮ ಮಟ್ಟದ ಆಟದಲ್ಲಿ ಪಾಯಿಂಟು ಹೋಗುವುದು ಮೊದಲ ಮೂರು ನಾಲ್ಕು ಚೆಂಡುಗಳಲ್ಲಿ, ಮೆಲ್ಲಗಿನ ಸ್ಪರ್ಶದಲ್ಲಿ. ಆದ್ದರಿಂದ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ. ಜೊತೆಗಾರರು ಒಂದೇ ಬಗೆಯ ಚಿಕ್ಕ ಬ್ಯಾಕ್‌ಸ್ಪಿನ್ (ಹಿಮ್ಮುಖವಾಗಿ ಸುತ್ತುವ) ಸರ್ವನ್ನು ಕೊಡುತ್ತಿರಲಿ, ನೀವು ಪುಶ್‌ನಲ್ಲೇ ಉತ್ತರಿಸಿ. ಅಡ್ಡಿಪಡಿಸದೆ ಬಿಟ್ಟರೆ ಅವರ ಅರ್ಧದಲ್ಲಿ ಎರಡು ಸಲ ಪುಟಿಯುವ ಚೆಂಡು ಚಿಕ್ಕದು, ಒಂದೇ ಪುಟಿತಕ್ಕೆ ಟೇಬಲಿನ ಅಂಚು ದಾಟುವುದು ಉದ್ದ. ಇಪ್ಪತ್ತರಲ್ಲಿ ಎಷ್ಟು ಚಿಕ್ಕದಾಗಿ ನಿಂತವು ಎಂದು ಜೊತೆಗಾರರೇ ಎಣಿಸಲಿ, ನಿಮ್ಮ ಎಣಿಕೆಯಲ್ಲಿ ನಿಮ್ಮ ಆಸೆಯೂ ಬೆರೆತಿರುತ್ತದೆ. ಅನಂತರ ನಿಮ್ಮದೇ ಚಿಕ್ಕ ಸರ್ವುಗಳಿಗೆ ಇದೇ ಲೆಕ್ಕ.

ಎರಡನೆಯದು, ಬ್ಯಾಕ್‌ಸ್ಪಿನ್ ಚೆಂಡನ್ನು ನಿಧಾನವಾಗಿ, ಹೆಚ್ಚು ಸುತ್ತು ಕೊಟ್ಟು ಎತ್ತುವ ಟಾಪ್‌ಸ್ಪಿನ್. ಮೆದುವಾದ ಮರದಲ್ಲಿ ಚೆಂಡು ಎತ್ತರದ ಕಮಾನಿನಲ್ಲಿ ನೆಟ್ಟನ್ನು ದಾಟುತ್ತದೆ. ಹೊರಪದರದ ಕಾರ್ಬನ್ನಿನಲ್ಲಿ ಅದೇ ಬೀಸಿಗೆ ಚೆಂಡು ಚಪ್ಪಟೆಯಾಗಿ ಬೇಗ ಹೊರಡುತ್ತದೆ, ನೆಟ್ಟಿನ ಮೇಲೆ ಉಳಿಯುವ ಅಂತರ ಕಡಿಮೆ. ನೆಟ್ಟಿನಿಂದ ಎಷ್ಟು ಮೇಲೆ ಹೋಗುತ್ತಿದೆ ಎಂಬುದನ್ನು ಟೇಬಲಿನ ಪಕ್ಕದಿಂದ ಫೋನಿನಲ್ಲಿ ಚಿತ್ರೀಕರಿಸಿಕೊಂಡರೆ ವಾದಕ್ಕೆ ಎಡೆಯಿರುವುದಿಲ್ಲ. ಬ್ಲಾಕನ್ನು ಆಮೇಲೆ ನೋಡಿ, ಟೇಬಲಿನಿಂದ ಹಿಂದೆ ಸರಿದು ಆಡುವ ಟಾಪ್‌ಸ್ಪಿನ್ನನ್ನು ಕೊನೆಗೆ. ಪ್ರತಿ ಸುತ್ತಿಗೂ ಒಂದೇ ಟೇಬಲ್, ಒಂದೇ ಬಗೆಯ ಚೆಂಡು ಇರಲಿ. ಒಳ್ಳೆಯ ಟೇಬಲಿನ ಮೇಲೆ 30 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು ಸುಮಾರು 23 ಸೆಂ.ಮೀ. ಪುಟಿಯಬೇಕು, ಅದಕ್ಕಿಂತ ತೀರ ಕಡಿಮೆ ಪುಟಿಯುವ ಟೇಬಲಿನಲ್ಲಿ ಯಾವ ಬ್ಯಾಟಿನ ಪುಶ್ಶೂ ಚಿಕ್ಕದಾಗಿ ನಿಂತು ನಿಮ್ಮನ್ನು ಮರುಳು ಮಾಡುತ್ತದೆ. ಹಳೆಯ ಬ್ಲೇಡಿನಲ್ಲೂ ಇದೇ ಲೆಕ್ಕ ಬೇಕು. ಹೋಲಿಕೆಯಿಲ್ಲದ ಅಂಕಿಗೆ ಅರ್ಥವಿಲ್ಲವಾದ್ದರಿಂದ, ರಬ್ಬರು ಬದಲಿಸುವ ಮುನ್ನವೇ ಹಳೆಯ ಬ್ಯಾಟಿನಲ್ಲಿ ಒಂದು ಸಂಜೆ ಎಣಿಸಿಟ್ಟುಕೊಳ್ಳಿ.

ಬರೆದಿಟ್ಟ ತಪ್ಪುಗಳನ್ನು ಓದುವ ಬಗೆಯೇ ಈ ಪರೀಕ್ಷೆಯ ಸಾರ. ತಪ್ಪುಗಳೆಲ್ಲ ಒಂದೇ ದಿಕ್ಕಿನಲ್ಲಿದ್ದರೆ, ಅಂದರೆ ಹೆಚ್ಚುಕಡಿಮೆ ಎಲ್ಲ ಚೆಂಡುಗಳೂ ಟೇಬಲ್ ದಾಟುತ್ತಿದ್ದರೆ, ಅದು ಹೊಂದಾಣಿಕೆಯ ಪ್ರಶ್ನೆ. ಬ್ಯಾಟಿನ ಮುಖವನ್ನು ಟೇಬಲಿನತ್ತ ಸ್ವಲ್ಪ ಬಾಗಿಸಿಕೊಳ್ಳುವುದನ್ನು, ಬೀಸನ್ನು ಚಿಕ್ಕದು ಮಾಡುವುದನ್ನು ಕೈ ಎರಡು ಮೂರು ವಾರದಲ್ಲಿ ಕಲಿತುಕೊಳ್ಳುತ್ತದೆ. ತಪ್ಪುಗಳು ಎರಡೂ ಕಡೆ ಚೆದರಿದ್ದರೆ, ಅದೇ ಬೀಸಿಗೆ ಒಂದು ನೆಟ್ಟಿಗೂ ಒಂದು ಹೊರಗೂ ಬೀಳುತ್ತಿದ್ದರೆ, ಮತ್ತು ತೇವದ ಕಾರಣವನ್ನು ನೀವು ಆಗಲೇ ಕಳೆದಿದ್ದರೆ, ನಿಮ್ಮ ಬೀಸಿನಲ್ಲಿ ಸಹಜವಾಗಿರುವ ಏರಿಳಿತವನ್ನು ಆ ಬ್ಲೇಡು ಮನ್ನಿಸುತ್ತಿಲ್ಲ ಎಂದು ಅರ್ಥ. ಅದು ಬರೀ ದಿನ ಕಳೆದರೆ ಸರಿಹೋಗುವ ತೊಂದರೆಯಲ್ಲ, ಅದಕ್ಕೆ ಬೀಸನ್ನೇ ತಿದ್ದುವ ಅಭ್ಯಾಸ ಬೇಕು. ನಿಮ್ಮ ಪತ್ರದ ಟಾಪ್‌ಸ್ಪಿನ್ ವರ್ಣನೆ ಎರಡನೆಯ ಬಗೆಯದಾಗಿಯೂ ಪುಶ್‌ನ ವರ್ಣನೆ ಮೊದಲನೆಯ ಬಗೆಯದಾಗಿಯೂ ಕೇಳುತ್ತಿದೆ.

ಹಳೆಯ ರಬ್ಬರಿನೊಂದಿಗೆ ಪುಶ್ ಇಳಿದು, ಟಾಪ್‌ಸ್ಪಿನ್ ನೆಲೆಗೊಂಡರೆ, ಬ್ಲೇಡನ್ನು ಇಟ್ಟುಕೊಂಡು ರಬ್ಬರನ್ನಷ್ಟೇ ಬದಲಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. ಬ್ಯಾಕ್‌ಹ್ಯಾಂಡಿಗೆ 1.8 ಅಥವಾ 1.9 ಮಿ.ಮೀ.ನ ಮೆದು ಸ್ಪಂಜು ಹಾಕಿದರೆ ತಲೆಯ ಭಾರವೂ ಇಳಿಯುತ್ತದೆ. ಇದರಲ್ಲಿರುವ ಅಪಾಯವೆಂದರೆ, ತೆಳು ಸ್ಪಂಜಿನಲ್ಲಿ ಜೋರಾಗಿ ಹೊಡೆದಾಗ ಚೆಂಡು ಬೇಗ ಮರ ಮುಟ್ಟುವುದರಿಂದ ಬ್ಲೇಡಿನ ಬಿಗಿತ ಇನ್ನಷ್ಟು ಎದ್ದು ಕಾಣುತ್ತದೆ. ಮೆಲ್ಲಗಿನ ಆಟದಲ್ಲಿ ಗಳಿಸಿದ್ದನ್ನು ಜೋರಿನ ಆಟದಲ್ಲಿ ಸ್ವಲ್ಪ ಕಳೆದುಕೊಳ್ಳಬೇಕಾದೀತು.

ಹಳೆಯ ರಬ್ಬರಿನಲ್ಲೂ ಟಾಪ್‌ಸ್ಪಿನ್ ಚೆದರುತ್ತಲೇ ಇದ್ದರೆ, ಬ್ಲೇಡನ್ನು ಮಾರಿ, ಕಾರ್ಬನ್ ಎಳೆಗಳ ಹಾಳೆ ನಡುಮರಕ್ಕೆ ಅಂಟಿಕೊಂಡಿರುವ ಮಾದರಿಗೆ ಹೋಗುವುದನ್ನು ಯೋಚಿಸಬಹುದು. ಬಟರ್‌ಫ್ಲೈನ ಇನ್ನರ್‌ಫೋರ್ಸ್ ಲೇಯರ್ ಎಎಲ್‌ಸಿ (ಆರಿಲೇಟ್-ಕಾರ್ಬನ್ನಿನ ಚುಟುಕು ಹೆಸರು) ಈ ಬಗೆಯದು: ಮೆಲ್ಲನೆ ಆಡಿದಾಗ ಮರದಂತೆ, ಜೋರಾಗಿ ಹೊಡೆದಾಗ ಕಾರ್ಬನ್ನಿನಂತೆ ನಡೆದುಕೊಳ್ಳುತ್ತದೆ. ಆದರೆ ಇದೂ ದುಬಾರಿ. ಬಳಸಿದ ಬ್ಲೇಡನ್ನು ಮಾರಿ ಬಂದ ಹಣ ಸಾಲದೆ ಮತ್ತೆ ಕೈಯಿಂದ ಹಾಕಬೇಕಾಗುತ್ತದೆ. ಸ್ಟಿಗಾ ಕ್ಲಿಪ್ಪರ್‌ನಂಥ ಏಳು ಪದರದ ಮರದ ಬ್ಲೇಡು ಬ್ಲಾಕಿನ ಗಟ್ಟಿತನವನ್ನೂ ಕೈಗೆ ಕಂಪನವನ್ನೂ ಕೊಡುತ್ತದೆ. ನನಗೆ ವೈಯಕ್ತಿಕವಾಗಿ, ನಲವತ್ತು ದಾಟಿದ ಬ್ಲಾಕ್ ಆಟಗಾರರಿಗೆ ಇದು ಕಾರ್ಬನ್ನಿಗಿಂತ ಹೆಚ್ಚು ಒಪ್ಪುತ್ತದೆ ಎನಿಸಿದೆ. ಆದರೆ ಅದು ದಪ್ಪವಾಗಿಯೂ ಸಾಮಾನ್ಯವಾಗಿ ಭಾರವಾಗಿಯೂ ಇರುತ್ತದೆ, ನೋಯುವ ಮುಂಗೈಗೆ ಹಗುರವಾದದ್ದನ್ನು ಹುಡುಕಿ ತೂಗಿಸಿಯೇ ಕೊಳ್ಳಬೇಕು. ಹಳೆಯ ಐದು ಪದರಕ್ಕೇ ಮರಳಿ, ಫೋರ್‌ಹ್ಯಾಂಡಿಗೆ ಮಾತ್ರ ಟೆನ್ಸರ್ ಹಾಕಿ ನೋಡುವುದನ್ನು ಹಿಂಜರಿಕೆ ಎಂದು ಭಾವಿಸಬೇಡಿ. ನಿಮಗೆ ಬೇಕಾಗಿದ್ದ ವೇಗದ ಬಹುಪಾಲು ಅಲ್ಲೇ ಸಿಕ್ಕೀತು. ನಾನು ಬೇಡವೆನ್ನುವುದು ಒಂದೇ: ಟೂರ್ನಿ ಮುಗಿಯುವ ತನಕ ಒಂದು ದಿನ ಇದು, ಒಂದು ದಿನ ಅದು ಎಂದು ಎರಡು ಬ್ಯಾಟುಗಳ ನಡುವೆ ಓಡಾಡುವುದು. ಹಾಗೆ ಮಾಡಿದರೆ ಕೈ ಎರಡನ್ನೂ ಕಲಿಯುವುದಿಲ್ಲ.

ಮುಂಗೈ ನೋವನ್ನು ಈ ಲೆಕ್ಕಾಚಾರದಲ್ಲಿ ಕೊನೆಗೆ ಹೇಳುತ್ತಿದ್ದರೂ ತೀರ್ಮಾನದಲ್ಲಿ ಅದಕ್ಕೇ ಮೊದಲ ಸ್ಥಾನ. ತಲೆಭಾರದ ಬ್ಯಾಟನ್ನು ಬಿಗಿಯಾಗಿ ಹಿಡಿದು ಆಡುವುದರಿಂದ, ಅದರಲ್ಲೂ ಚೆಂಡಿನ ಸುಳಿವು ಕೈಗೆ ಸಿಗದಾಗ ಹಿಡಿತವನ್ನು ಇನ್ನೂ ಬಿಗಿ ಮಾಡಿಕೊಳ್ಳುವ ಅಭ್ಯಾಸದಿಂದ, ಇಂಥ ನೋವು ಬರುವುದನ್ನು ನಾನು ಆಟಗಾರರಲ್ಲಿ ಕಂಡಿದ್ದೇನೆ. ರಬ್ಬರು ಬದಲಿಸಿ ತೂಕ ಇಳಿಸಿದ ಮೇಲೂ, ಒಂದು ವಾರ ವಿಶ್ರಾಂತಿ ಕೊಟ್ಟ ಮೇಲೂ ನೋವು ಉಳಿದರೆ ಅದು ಬ್ಲೇಡಿನ ಪ್ರಶ್ನೆಯಲ್ಲ, ವೈದ್ಯರಿಗೆ ತೋರಿಸಬೇಕು.

ಆರು ವಾರಗಳನ್ನು ಹೀಗೆ ಬಳಸಿಕೊಳ್ಳಿ. ಮೊದಲ ವಾರದಲ್ಲಿ ಹಳೆಯ ಬ್ಯಾಟಿನಲ್ಲಿ ಎಣಿಕೆ ಮುಗಿಸಿ ರಬ್ಬರುಗಳನ್ನು ವರ್ಗಾಯಿಸಿ. ಮುಂದಿನ ಎರಡು ವಾರ ಹೊಸ ಬ್ಲೇಡಿನಲ್ಲೇ ಆಡಿ, ಪ್ರತಿ ವಾರದ ಕೊನೆಗೆ ಅದೇ ಎಣಿಕೆಯನ್ನು ಮಾಡಿ. ಮೂರನೆಯ ವಾರದ ಅಂಕಿಗಳು ಹಳೆಯ ಬ್ಯಾಟಿನ ಹತ್ತಿರಕ್ಕೂ ಬಾರದಿದ್ದರೆ, ರಬ್ಬರನ್ನು ಹಳೆಯ ಬ್ಲೇಡಿಗೇ ಮತ್ತೆ ಅಂಟಿಸಿ ಟೂರ್ನಿಯನ್ನು ಅದರಲ್ಲೇ ಆಡಿ, ಹೊಸದನ್ನು ಮಾರುವ ಮಾತನ್ನು ಟೂರ್ನಿಯ ನಂತರಕ್ಕೆ ಇಟ್ಟುಕೊಳ್ಳಿ. ಮಾರುವಾಗ ಬ್ಲೇಡಿನ ತೂಕ, ಕೊಂಡ ರಸೀದಿ, ಎಷ್ಟು ಸಲ ರಬ್ಬರ್ ಅಂಟಿಸಿ ಬಿಡಿಸಿದ್ದೀರಿ ಎಂಬುದನ್ನು ತಿಳಿಸಿದರೆ ಬೆಲೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಈ ಮಾದರಿಗಳ ನಕಲಿಗಳು ಪೇಟೆಯಲ್ಲಿರುವುದರಿಂದ ಕೊಳ್ಳುವವರು ರಸೀದಿಯನ್ನೇ ಮೊದಲು ಕೇಳುತ್ತಾರೆ.